ಅಡಿಗೆ ಮೂರೂವರೆ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಮಾದರಿ ರೈಲಿನ ಪಕ್ಕ ನಿಲ್ಲಿಸುವ ಪುಟಾಣಿ ಜನರ ಬಗ್ಗೆ. ಸಿಪಾಯಿಗಳಲ್ಲ, ರಾಜ ರಾಣಿಯರೂ ಅಲ್ಲ. ಟಿಕೆಟ್ ಹಿಡಿದು ನಿಂತವರು, ಗಂಟಿನ ಮೇಲೆ ಕೂತವರು, ಮಗುವನ್ನು ಸೊಂಟಕ್ಕೇರಿಸಿಕೊಂಡವರು. ಹೆಬ್ಬೆಟ್ಟಿನ ಉಗುರಿಗಿಂತ ಚೂರು ಎತ್ತರದ ಜನ. ದಸರಾ ಗೊಂಬೆ ಕೂರಿಸುವವರು, ಶಾಲೆಯ ವಸ್ತುಪ್ರದರ್ಶನಕ್ಕೆ ಥರ್ಮಾಕೋಲಿನಲ್ಲಿ ಚಿತ್ರದುರ್ಗದ ಕೋಟೆಯನ್ನೋ ದಾವಣಗೆರೆ ಸ್ಟೇಷನ್ನನ್ನೋ ಕಟ್ಟುವ ಮಕ್ಕಳು, ಆ ಮಕ್ಕಳ ಜೊತೆ ರಾತ್ರಿ ಹನ್ನೊಂದರವರೆಗೆ ಅಂಟು ಹಚ್ಚುವ ಅಪ್ಪ ಅಮ್ಮಂದಿರು, ನೀವೆಲ್ಲ ಕೇಳುತ್ತಿದ್ದೀರಿ ಅಂದುಕೊಂಡು ಹೇಳುತ್ತೇನೆ.

ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಅಡಿಗೆ ಮೂರೂವರೆ. ಒಲೆ ಮೇಲಿನ ಅಡಿಗೆ ಅಲ್ಲ, ಅಳತೆಯ ಅಡಿ. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ ಮೂರೂವರೆ ಮಿಲಿಮೀಟರ್. ಇದಕ್ಕೆ ಎಚ್‌ಒ ಸ್ಕೇಲ್ ಅನ್ನುತ್ತಾರೆ, ಅಂದರೆ 87ರಲ್ಲಿ ಒಂದು ಪಾಲು. ಐದಡಿಯ ಹೆಂಗಸು 17.5 ಮಿಲಿಮೀಟರ್. ಆರಡಿಯ ಗಂಡಸು 21. ಮೂರು ಅಡಿಯ ಮಗು ಹತ್ತೂವರೆ. ಏಳಡಿಯ ಬಾಗಿಲು 24.5. ಕ್ಯಾಲ್ಕುಲೇಟರ್ ಬೇಡ, ಮೂರೂವರೆಯ ಮಗ್ಗಿ ಸಾಕು.

ಗೊಂಬೆ ಹಬ್ಬದಲ್ಲಿ ಅರಮನೆಗಿಂತ ಪಟ್ಟದ ರಾಣಿ ಎತ್ತರ ಇದ್ದರೂ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ರೈಲಿನ ಮಾದರಿಯಲ್ಲಿ ಹಾಗಾಗುವುದಿಲ್ಲ. ಬೋಗಿ ಬಾಗಿಲಲ್ಲಿ ತಲೆ ತೂರದ ಪ್ರಯಾಣಿಕ ನಿಂತರೆ ಐದು ವರ್ಷದ ಕೂಸೂ ಬೆರಳು ತೋರಿಸುತ್ತದೆ.

ಎಚ್‌ಒ ಅಂತ ಬರೆದ ಪ್ಯಾಕೆಟ್ ತಂದರೆ ಮುಗಿಯಿತಲ್ಲ ಅಂತ ನೀವು ಕೇಳಬಹುದು. ಮುಗಿಯುವುದಿಲ್ಲ. ಅದಕ್ಕೊಂದು ಕಥೆ ಇದೆ, ಹೇಳಲೇಬೇಕು. ಮೊದಲು ಓ ಅನ್ನುವ ಅಳತೆ ಇತ್ತು, ಅದರ ಹಳಿಯ ಅಗಲ, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 32 ಮಿಲಿಮೀಟರ್. ಮನೆಯ ಮೇಜಿಗೆ ಅದು ದೊಡ್ಡದಾಯಿತು. ಅರ್ಧ ಮಾಡೋಣ ಅಂದರು. ಹಾಫ್ ಓ, ಅದೇ ಎಚ್‌ಒ. ಹಳಿ 16.5 ಮಿಲಿಮೀಟರ್, ಅಡಿಗೆ ಮೂರೂವರೆ. ಯುರೋಪಿನ ಉಳಿದ ಕಡೆ, ಅಮೆರಿಕದಲ್ಲಿ, ಇದು ಸರಿಹೋಯಿತು. ಇಂಗ್ಲೆಂಡಿನಲ್ಲಿ ತೊಡಕಾಯಿತು. ಅಲ್ಲಿಯ ಸುರಂಗಗಳು, ಸೇತುವೆಗಳು ಮೊದಲಿಂದ ಇಕ್ಕಟ್ಟು, ಹಾಗಾಗಿ ನಿಜವಾದ ಎಂಜಿನ್ನುಗಳೇ ಸಣ್ಣವು. ಅವನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸದು. ಏನು ಮಾಡಿದರು ಗೊತ್ತೇ? ಹಳಿಯನ್ನು ಹಾಗೇ ಬಿಟ್ಟು ಮೇಲಿನ ಎಂಜಿನ್, ಬೋಗಿ, ಮನುಷ್ಯ, ಎಲ್ಲವನ್ನೂ ಹಿಗ್ಗಿಸಿದರು. ಅಡಿಗೆ ಮೂರೂವರೆ ಹೋಗಿ ಅಡಿಗೆ ನಾಲ್ಕಾಯಿತು. ಅದಕ್ಕೆ ಡಬಲ್ ಓ ಅಂತ ಹೆಸರು. 1938ರಲ್ಲಿ ಹಾರ್ನ್‌ಬಿ ಡಬ್ಲೊ ಅನ್ನುವ ಆಟದ ರೈಲು ಬಂದ ಮೇಲೆ ಇಂಗ್ಲೆಂಡಿನಲ್ಲಿ ಅದೇ ಗಟ್ಟಿಯಾಗಿ ಬೇರು ಬಿಟ್ಟಿತು, ಇಂದಿಗೂ ಹೋಗಿಲ್ಲ. ಹಳಿ ಒಂದೇ, ಅದರ ಪಕ್ಕ ನಿಲ್ಲುವ ಜನ ಎರಡು ಜಾತಿ. ಮಾರುವವರು ಇವೆರಡನ್ನೂ ಒಂದೇ ಡಬ್ಬಿಗೆ ಸುರಿದು ಎಚ್‌ಒ ಡಬಲ್ ಓ ಎರಡಕ್ಕೂ ಆಗುತ್ತದೆ ಅಂತ ಬರೆಯುತ್ತಾರೆ. ಆಗುವುದಿಲ್ಲ ಸ್ವಾಮಿ. ಐದೂವರೆ ಅಡಿಯ ಮನುಷ್ಯ ಒಂದರಲ್ಲಿ 19, ಇನ್ನೊಂದರಲ್ಲಿ 22. ಮೂರು ಮಿಲಿಮೀಟರ್ ಏನು ಮಹಾ ಅನ್ನಬೇಡಿ, ಅದು ಹತ್ತಿರ ಹತ್ತಿರ ಒಂದು ಅಡಿ.

ಈಗ ನಮ್ಮೂರಿಗೆ ಬರೋಣ. ದಾವಣಗೆರೆ ಸ್ಟೇಷನ್ನಿನ ಬ್ರಾಡ್‌ಗೇಜ್ ಹಳಿಯ ಅಗಲ 5 ಅಡಿ 6 ಇಂಚು. ಸಾಧಾರಣ ಗಂಡಸಿನ ಎತ್ತರವೂ ಅಷ್ಟೇ. ಅಂಗಡಿಯಲ್ಲಿ ಸಿಗುವ 16.5 ಮಿಲಿಮೀಟರ್ ಹಳಿ ಮಾತ್ರ ಪರದೇಶದ 4 ಅಡಿ ಎಂಟೂವರೆ ಇಂಚಿನದು. ಹಾಗಾಗಿ ಕೈಯಲ್ಲಿ ಅಳತೆಪಟ್ಟಿ ಇಲ್ಲದಿದ್ದರೂ ಒಂದು ಉಪಾಯ ಇದೆ. ಗೊಂಬೆಯನ್ನು ಹಳಿತುಂಡಿಗೆ ಅಡ್ಡ ಹಿಡಿಯಿರಿ. ಹಳಿಯ ಅಗಲಕ್ಕಿಂತ ಸುಮಾರು ಮೂರು ಮಿಲಿಮೀಟರ್ ಹೆಚ್ಚಿದ್ದರೆ ಅವನು ನಿಮ್ಮವನು. ಐದೂವರೆ ಹೆಚ್ಚಿದ್ದರೆ ಇಂಗ್ಲೆಂಡಿನವನು, ಡಬ್ಬಿಗೆ ವಾಪಸ್ ಹಾಕಿ. ಅಳೆಯುವಾಗ ಪಾದದಡಿಯ ಬಿಲ್ಲೆ ಬಿಡಿ, ತಲೆಯ ಟೋಪಿ ಬಿಡಿ. ಅಂಗಾಲಿನಿಂದ ನೆತ್ತಿಗೆ ಅಳೆಯಿರಿ. ಮೀಟರ್‌ಗೇಜ್ ಕಾಲದ ದಾವಣಗೆರೆ ಕಟ್ಟುವವರು 12 ಮಿಲಿಮೀಟರ್ ಹಳಿ ಹುಡುಕಿ. ಜನ ಬದಲಾಗುವುದಿಲ್ಲ, ಅಡಿಗೆ ಮೂರೂವರೆಯೇ.

ಸುತ್ತಲಿನ ಸಾಮಾನಿಗೂ ಇದೇ ಲೆಕ್ಕ. ಮಂಡಕ್ಕಿ ಅಂಗಡಿ ಮಾಡಿ ಬುಟ್ಟಿಗೆ ಚಿರೋಟಿ ರವೆ ತುಂಬುತ್ತಾರೆ. ರವೆಯ ಒಂದು ಕಾಳನ್ನು 87 ಪಟ್ಟು ಹಿಗ್ಗಿಸಿ ನೋಡಿ, ನೆಲ್ಲಿಕಾಯಿ ಗಾತ್ರದ ಮಂಡಕ್ಕಿ! ರವೆಯ ಬದಲು ಬುಟ್ಟಿಯೊಳಗೆ ಬಿಳಿ ಬಣ್ಣ ಹಚ್ಚಿ, ಅದು ಹಸಿ ಇರುವಾಗ ಚಾಕ್‌ಪೀಸಿನ ಪುಡಿ ಉದುರಿಸಿ, ಸಾಕು. ಮೈದಾ ಬೇಡ, ಹುಳು ಬೀಳುತ್ತದೆ. ಸಾಸಿವೆ ಕಾಳು ತೆಂಗಿನಕಾಯಿಯ ಗಾತ್ರಕ್ಕೆ ಬರುತ್ತದೆ. ಎಂಟು ಇಂಚಿನ ಬೆಣ್ಣೆದೋಸೆ ಎರಡು ಮಿಲಿಮೀಟರಿಗಿಂತ ಚೂರು ದೊಡ್ಡದು. ಎತ್ತರದ ಪ್ಲಾಟ್‌ಫಾರಂ ಹಳಿಯ ಮಟ್ಟದಿಂದ ಒಂಬತ್ತೂವರೆ ಮಿಲಿಮೀಟರ್, ಅಂದರೆ ಮನುಷ್ಯನ ಅರ್ಧ.

ಇನ್ನು ಬಟ್ಟೆ. ಜರ್ಮನಿಯ ಪ್ರೈಸರ್ ಕಂಪನಿ 1949ರಿಂದ ಇಂಥ ಜನರನ್ನು ಮಾಡುತ್ತಿದೆ, ಬಣ್ಣ ಹಚ್ಚದ ಗೊಂಬೆಗಳನ್ನೂ ಮಾರುತ್ತದೆ. ಆದರೆ ಕೋಟು ಹ್ಯಾಟಿನವರನ್ನು ನಮ್ಮ ಪ್ಲಾಟ್‌ಫಾರಂ ಮೇಲೆ ಹಾಗೇ ನಿಲ್ಲಿಸಲಾಗದು. ಸೀರೆಗೆ ಲಂಗ ತೊಟ್ಟ, ಕಾಲು ಜೋಡಿಸಿ ನಿಂತ ಹೆಂಗಸನ್ನು ಆರಿಸಿ. ಟಿಶ್ಯೂ ಪೇಪರಿನ ಒಂದೇ ಪದರ ಬಿಡಿಸಿಕೊಳ್ಳಿ. 11 ಮಿಲಿಮೀಟರ್ ಎತ್ತರ, 20 ಮಿಲಿಮೀಟರ್ ಉದ್ದದ ತುಂಡು ಸೊಂಟಕ್ಕೆ, ಹೆಚ್ಚಾದದ್ದನ್ನು ಮುಂದೆ ನೆರಿಗೆ ಮಾಡಿ. ಸೆರಗಿಗೆ 4 ಮಿಲಿಮೀಟರ್ ಅಗಲದ ಪಟ್ಟಿ, ಬಲ ಸೊಂಟದಿಂದ ಎದೆಯ ಮೇಲೆ ಹಾಯಿಸಿ ಎಡ ಹೆಗಲಿಂದ ಬೆನ್ನಿಗೆ ಇಳಿಬಿಡಿ. ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು ಕಲಸಿ ಬ್ರಷ್ಷಿನಿಂದ ತಾಗಿಸಿ, ಕಾಗದ ತಾನೇ ಮೈಗೆ ಕೂರುತ್ತದೆ. ಮತ್ತೆ ಮತ್ತೆ ತಿದ್ದಲು ಹೋದರೆ ಹರಿಯುತ್ತದೆ. ಹತ್ತಿ ಬಟ್ಟೆ ಬೇಡವೇ ಬೇಡ. ಹತ್ತಿ ಗಿರಣಿಗಳ ಊರಿನಲ್ಲಿ ನಿಂತು ಹೀಗನ್ನುವುದು ಕಷ್ಟ, ಆದರೆ ಎಷ್ಟೇ ತೆಳುವಾದ ಬಟ್ಟೆ ಸುತ್ತಿದರೂ ಗೊಂಬೆಗೆ ಹಾಸಿಗೆ ಸುತ್ತಿದ ಹಾಗಾಗುತ್ತದೆ. ಗಂಡಸಿಗೆ ಹ್ಯಾಟನ್ನು ಬ್ಲೇಡಿನಿಂದ ಹೆರೆದು ತೆಗೆದು, ಫೆವಿಕಾಲ್ ನೀರಿನಲ್ಲಿ ನೆನೆಸಿದ ಹೊಲಿಗೆ ದಾರ ಮೂರು ಸುತ್ತು ಸುತ್ತಿದರೆ ರುಮಾಲು. ಒಂದೇ ಸುತ್ತು ಸುತ್ತಿ ಬಿಟ್ಟರೆ ಸಿಂಬಿ, ಮೇಲೆ ಬುಟ್ಟಿ ಇಡಬಹುದು.

ಗೋಡೆಯ ಗಡಿಯಾರ ಓಡುತ್ತಿದೆ. ಬಣ್ಣದ ಬಗ್ಗೆಯೇ ಹತ್ತು ನಿಮಿಷ ಬೇಕಿತ್ತು, ಆ ಇಂಗ್ಲೆಂಡಿನ ಕಥೆ ತಿಂದುಹಾಕಿತು. ಬೇಗ ಹೇಳುತ್ತೇನೆ. ಬಟ್ಟೆ ಸುತ್ತುವ ಮೊದಲೇ ಗೊಂಬೆಯನ್ನು ಪಾತ್ರೆ ಸೋಪಿನ ನೀರಿನಲ್ಲಿ ತೊಳೆದಿರಬೇಕು. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಉಳಿದರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮೈಮೇಲಿನ ಅಚ್ಚಿನ ಗೆರೆಯನ್ನೂ ಆಗಲೇ ಬ್ಲೇಡಿನ ಬೆನ್ನಿನಿಂದ ಹೆರೆಯಿರಿ. ಆಮೇಲೆ ಮ್ಯಾಟ್ ಪ್ರೈಮರ್ ಒಂದು ಕೈ, ಅಕ್ರಿಲಿಕ್ ಬಣ್ಣ ನೀರಾಗಿಸಿ ಎರಡು ಕೈ. ದಪ್ಪಗೆ ಒಂದೇ ಕೈ ಹಚ್ಚಿದರೆ ಮೂಗು ಮುಚ್ಚಿಹೋಗುತ್ತದೆ. ಪಂಚೆಗೆ ಅಚ್ಚ ಬಿಳಿ ಹಚ್ಚಬೇಡಿ, ಕಣ್ಣಿಗೆ ಹೊಡೆಯುತ್ತದೆ, ಕೆನೆಬಣ್ಣ ಹಚ್ಚಿ. ಕಣ್ಣು ಬರೆಯಬೇಡಿ. ಒಂದಿಂಚಿನ ಕಣ್ಣು ಈ ಅಳತೆಯಲ್ಲಿ 0.3 ಮಿಲಿಮೀಟರ್. ನಿಮ್ಮ ಬ್ರಷ್ ಎಷ್ಟು ಸಣ್ಣದಿದ್ದರೂ ಆ ಚುಕ್ಕೆ ದೊಡ್ಡದಾಗಿ, ಇಡೀ ಪ್ಲಾಟ್‌ಫಾರಂ ದೆವ್ವ ಕಂಡವರ ಹಾಗೆ ನಿಲ್ಲುತ್ತದೆ. ಮುಖಕ್ಕೆ ತೆಳು ಕಂದು ನೀರು ಬಿಡಿ, ಕಣ್ಣಿನ ಗುಳಿಯಲ್ಲಿ ಅದೇ ನಿಂತುಕೊಳ್ಳುತ್ತದೆ.

ನಿಲ್ಲಿಸಲು ಪಾದಕ್ಕೆ 0.5 ಮಿಲಿಮೀಟರ್ ತೂತು ಕೊರೆದು ವೈರಿನೊಳಗಿನ ತಾಮ್ರದ ಎಳೆ ಸೇರಿಸಿ, ಸೂಜಿ ಮೊನೆಯಲ್ಲಿ ಹಿಡಿದಷ್ಟು ಸೂಪರ್ ಗ್ಲೂ ಹಾಕಿ. ಬೋಗಿಯೊಳಗೆ ಸೂಪರ್ ಗ್ಲೂ ಬೇಡ, ಅದರ ಆವಿ ಕಿಟಕಿಗೆ ಬಿಳಿ ಮಂಜಾಗಿ ಕೂರುತ್ತದೆ, ಅಲ್ಲಿ ಫೆವಿಕಾಲೇ ಸಾಕು. ಓಡುವ ಗೊಂಬೆ ಕೊಳ್ಳಬೇಡಿ, ಎಷ್ಟು ಓಡಿದರೂ ಅಲ್ಲೇ ಇರುತ್ತಾನೆ. ಕಾಯುವವರನ್ನು, ಕೂತವರನ್ನು, ಹರಟುವವರನ್ನು ಕೊಳ್ಳಿ, ನೆರಳಿದ್ದ ಕಡೆ ಗುಂಪು ಮಾಡಿ ನಿಲ್ಲಿಸಿ. ಇಪ್ಪತ್ತು ಜನ ಸಾಕು.

ಆ ಇಪ್ಪತ್ತೂ ಜನರನ್ನು ಅಂಟಿಸುವ ಮುಂಚೆ ಇನ್ನೊಮ್ಮೆ ಅಳೆಯಿರಿ. ಅಡಿಗೆ ಮೂರೂವರೆ. ನಮಸ್ಕಾರ.