ಐಫೋನ್ ಏರ್: ಸಿಮ್ ಹಾಕೋಕೆ ಜಾಗವೇ ಇಲ್ಲ, ಹಾಗಾದ್ರೆ ಹಾಕೋದು ಹೇಗೆ?

ಬಾಕ್ಸ್ ಬಿಚ್ಚೋದು ಸ್ಕ್ರೀನಲ್ಲಿ ಓಡ್ತಾ ಇದೆ, ಅದಕ್ಕೆ ನನ್ನ ಮಾತು ಬೇಡ. ಫೋನು, ಒಂದು ಕೇಬಲ್ಲು, ಒಂದಿಷ್ಟು ಕಾಗದ. ಚಾರ್ಜರ್ ಇಲ್ಲ ಅನ್ನೋದು ಹಳೇ ಗೋಳು. ಹೊಸ ಗೋಳು ಏನಂದ್ರೆ ಸಿಮ್ ಪಿನ್ನೂ ಇಲ್ಲ. ನಾಲ್ಕೂ ಅಂಚು ತಿರುಗಿಸಿ ತೋರಿಸ್ತೀನಿ, ನೋಡಿ. ಕೆಳಗಡೆ ಕಾಣೋದು ಮೈಕಿನ ತೂತು, ದಯವಿಟ್ಟು ಅದಕ್ಕೆ ಪಿನ್ ಚುಚ್ಚಬೇಡಿ. ಸಿಮ್ ಟ್ರೇ ಅನ್ನೋದು ಈ ಫೋನಲ್ಲಿ ಯಾವ ದೇಶದಲ್ಲಿ ತಗೊಂಡ್ರೂ ಇಲ್ಲ. ಇದಕ್ಕೆ ಇ-ಸಿಮ್ ಮಾತ್ರ, ಅಂದ್ರೆ ಕಾರ್ಡ್ ಇಲ್ಲದೆ ಇಂಟರ್ನೆಟ್ಟಲ್ಲಿ ಬಂದು ಫೋನೊಳಗೇ ಕೂರೋ ಸಿಮ್.

ದಪ್ಪ 5.6 ಮಿಲಿಮೀಟರ್, ತೂಕ 165 ಗ್ರಾಂ. ಕೈಗೆ ತಗೊಂಡ್ರೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. 256 ಜಿಬಿಗೆ 1,19,900 ರೂಪಾಯಿ. ಹಿಂದೆ ಒಂದೇ ಕ್ಯಾಮೆರಾ. ಸ್ಪೀಕರ್ ಕೂಡ ಒಂದೇ, ಮೇಲ್ಗಡೆ ಕಿವಿ ಹತ್ತಿರ. ಅಡ್ಡ ಹಿಡಿದು ವಿಡಿಯೋ ನೋಡಿದ್ರೆ ಸದ್ದೆಲ್ಲಾ ಒಂದೇ ಕಡೆಯಿಂದ ಬರತ್ತೆ. ಇಷ್ಟು ದುಡ್ಡಿಗೆ ಇದೊಂದು ಕ್ಷಮಿಸೋಕಾಗಲ್ಲ. ಬ್ಯಾಟರಿ ಸಾಲ್ದು ಅಂದ್ರೆ ಬೆನ್ನಿಗೆ ಅಂಟಿಸೋ ಮ್ಯಾಗ್‌ಸೇಫ್ ಬ್ಯಾಟರಿ ಇದೆ, 11,900 ರೂಪಾಯಿ. ತೆಳ್ಳಗಿದೆ ಅಂತ ತಗೊಂಡು ಬೆನ್ನಿಗೆ ಮೂಟೆ ಕಟ್ಟೋದು!

ಸರಿ, ಸಿಮ್ ವಿಷಯ. 2008ರ ಆಗಸ್ಟಲ್ಲಿ ಐಫೋನ್ 3ಜಿ ಇಲ್ಲಿಗೆ ಬಂದಾಗ ಅದನ್ನ ಮಾರಿದ್ದೇ ಏರ್‌ಟೆಲ್ ಮತ್ತು ವೊಡಾಫೋನ್, 8 ಜಿಬಿಗೆ 31,000 ರೂಪಾಯಿ. ಆಗ ಪಾಲುದಾರಿಕೆ ಅಂದ್ರೆ ಅಂಗಡಿ. ಈಗ ಫೋನು ಎಲ್ಲಾ ಕಡೆ ಸಿಗತ್ತೆ, ಆದ್ರೆ ಬೀಗದ ಕೈ ಮಾತ್ರ ಸಿಮ್ ಕಂಪನಿ ಕೈಲೇ. ಅವರ ಸರ್ವರ್ ಇ-ಸಿಮ್ ಕಳಿಸದೇ ಇದ್ರೆ ಇದು ವೈಫೈಗೆ ಅಂಟಿಕೊಂಡ ದುಬಾರಿ ಐಪಾಡ್. ಚೀನಾದಲ್ಲಿ ಆಗಿದ್ದು ಅದೇ. ಇ-ಸಿಮ್ ಅನುಮತಿ ಸಿಗದೆ ಅಲ್ಲಿ 2025ರ ಸೆಪ್ಟೆಂಬರಲ್ಲಿ ಮಾರಾಟ ಆಗಲೇ ಇಲ್ಲ, ಅಕ್ಟೋಬರ್ 22ರ ತನಕ ಕಾದ್ರು.

ನಮ್ಮಲ್ಲಿ ಬಿಡುಗಡೆ ಹೊತ್ತಿಗೆ ಪಟ್ಟಿಯಲ್ಲಿದ್ದಿದ್ದು ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ). ಬಿಎಸ್‌ಎನ್‌ಎಲ್ ಇರ್ಲಿಲ್ಲ. ಮಲೆನಾಡಿನ ಎಷ್ಟೋ ಮೂಲೆಗಳಲ್ಲಿ ಸಿಗ್ನಲ್ ಅಂತ ಸಿಕ್ಕಿದ್ರೆ ಅದು ಬಿಎಸ್‌ಎನ್‌ಎಲ್ಲೇ. ಅಲ್ಲಿರೋರು ತಗೊಳೋ ಮೊದಲು ಅವರ ಕಚೇರಿಗೆ ಹೋಗಿ, ‘ಇ-ಸಿಮ್ ಕೊಡ್ತೀರಾ’ ಅಂತ ಕೇಳಿದ್ರೆ ಸಾಲ್ದು. ‘ಐಫೋನಿಗೆ ಕೊಡ್ತೀರಾ’ ಅಂತ ಕೇಳಿ.

ಈಗ ಕೆಲಸ. ಸೆಟಪ್ ಮಾಡುವಾಗಲೇ ಹಳೇ ಐಫೋನಿಂದ ನಂಬರ್ ತರೋ ಆಯ್ಕೆ ಬಂದ್ರೆ ಅದನ್ನೇ ಒತ್ತಿ, ಆಮೇಲಿನ ಎಸ್ಸೆಮ್ಮೆಸ್ಸಿನ ಗೋಜೇ ಬೇಡ. ಬರದಿದ್ರೆ ಹಳೇ ಫೋನಿಂದ ಎಸ್ಸೆಮ್ಮೆಸ್ಸು. ಏರ್‌ಟೆಲ್ ಆದ್ರೆ ಇ-ಸಿಮ್ ಅಂತ ಇಂಗ್ಲಿಷಲ್ಲಿ ಅಡ್ಡಗೆರೆ ಇಲ್ಲದೆ ಬರೆದು, ಒಂದು ಜಾಗ ಬಿಟ್ಟು, ಈಮೇಲ್ ಹಾಕಿ 121ಕ್ಕೆ. ಉತ್ತರ ಬಂದ 60 ಸೆಕೆಂಡೊಳಗೆ 1 ಅಂತ ಒತ್ತಬೇಕು. ಆಮೇಲೆ ಒಪ್ಪಿಗೆ ಕೇಳೋ ಕರೆ, ಆಮೇಲೆ ಈಮೇಲಿಗೆ ಕ್ಯೂಆರ್.

ಇಲ್ಲೇ ಎಡವೋದು. ಈಮೇಲ್ ಅಂದ್ರೆ ನಿಮಗೆ ಇಷ್ಟ ಬಂದಿದ್ದಲ್ಲ, ಕಂಪನಿಯಲ್ಲಿ ನೋಂದಾಯಿಸಿದ್ದು. ಎಷ್ಟೋ ವರ್ಷದ ಹಿಂದೆ ಸಿಮ್ ತಗೊಂಡಾಗ ಅಂಗಡಿಯವನು ಅವನದ್ದೇ ಈಮೇಲ್ ತುಂಬಿರಬಹುದು, ಇಲ್ಲಾ ಖಾಲಿ ಬಿಟ್ಟಿರಬಹುದು. ಮೊದಲು ಕಂಪನಿ ಆ್ಯಪಲ್ಲಿ ಅದನ್ನ ಸರಿಮಾಡ್ಕೊಳಿ.

ಜಿಯೋದು ಬೇರೆ ದಾರಿ. ಇಲ್ಲಿ 32 ಅಂಕಿಯ ಇಐಡಿ ಬೇಕು, ಅಂದ್ರೆ ಫೋನೊಳಗಿನ ಇ-ಸಿಮ್ ಚಿಪ್ಪಿನ ಗುರುತಿನ ನಂಬರ್. ಹೊಸ ಫೋನಲ್ಲಿ *#06# ಒತ್ತಿದ್ರೆ ಸಿಗತ್ತೆ, ಬಾಕ್ಸಿನ ಚೀಟಿಯಲ್ಲೂ ಇರತ್ತೆ. ಸ್ಕ್ರೀನಲ್ಲಿ ಮಸುಕು ಮಾಡಿದೀನಿ, ಬೈಬೇಡಿ. ‘ಗೆಟ್’ ಮತ್ತು ‘ಇಸಿಮ್’ ಎರಡನ್ನೂ ಕೂಡಿಸಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು, ಜಾಗ ಬಿಟ್ಟು ಇಐಡಿ, ಮತ್ತೆ ಜಾಗ ಬಿಟ್ಟು 15 ಅಂಕಿಯ ಐಎಂಇಐ (ಫೋನಿನ ಗುರುತಿನ ನಂಬರ್) ಹಾಕಿ 199ಕ್ಕೆ ಕಳಿಸಿ. ತಿರುಗಿ 19 ಅಂಕಿಯ ಇ-ಸಿಮ್ ನಂಬರ್ ಬರತ್ತೆ. ಅದನ್ನ ಕಾಗದದ ಮೇಲೆ ಬರೆದಿಟ್ಕೊಳಿ, ಮುಂದಿನ ಹಂತ ಜಿಯೋ ಹೇಳಿದ ಹಾಗೆ ಮಾಡಿ, ಕೊನೆಗೆ ಬರೋ ಕರೆಯಲ್ಲಿ ಅದನ್ನೇ ಕೇಳ್ತಾರೆ. 32 ಅಂಕಿ ಕಣ್ಣಲ್ಲಿ ನೋಡಿ ಟೈಪ್ ಮಾಡೋಕೆ ಹೋಗಬೇಡಿ, ಎಂಟು ಸೊನ್ನೆಯಲ್ಲಿ ಒಂದು ಬಿಟ್ಟೇ ಬಿಡ್ತೀರ. ನಾಲ್ಕು ನಾಲ್ಕು ಅಂಕಿಯಾಗಿ ಯಾರಾದ್ರೂ ಓದಿ ಹೇಳಲಿ.

ಕ್ಯೂಆರ್ ಬಂದ್ಮೇಲೆ ಇನ್ನೊಂದು ಸ್ಕ್ರೀನ್ ಬೇಕೇ ಬೇಕು ಅಂತೇನಿಲ್ಲ. ಹೊಸ ಫೋನಲ್ಲೇ ಈಮೇಲ್ ತೆರೆದು ಆ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದ್ರೆ ಇ-ಸಿಮ್ ಸೇರಿಸೋ ಆಯ್ಕೆ ಬರತ್ತೆ. ವೈಫೈ ಮಾತ್ರ ಇರಲೇಬೇಕು. ಹಳೇ ಸಿಮ್ ಸತ್ತು ಹೊಸದಕ್ಕೆ ಜೀವ ಬರೋ ನಡುವೆ ಮೊಬೈಲ್ ಡೇಟಾ ಎರಡರಲ್ಲೂ ಇರಲ್ಲ.

ಈಗ ನಿಜವಾದ ತಲೆನೋವು, ಯಾವ ಜಾಹೀರಾತಲ್ಲೂ ಇಲ್ಲದ್ದು. ಸಿಗ್ನಲ್ ಕಡ್ಡಿ ಪೂರ್ತಿ ಬಂತು, ಕರೆ ಹೋಗತ್ತೆ, ಇಂಟರ್ನೆಟ್ ಓಡತ್ತೆ. ಯುಪಿಐ ಆ್ಯಪ್ ತೆರೀತೀರ. ಫೋನ್ ಹೊಸದು, ಹಾಗಾಗಿ ನಂಬರ್ ನಿಮ್ಮದೇನಾ ಅಂತ ನೋಡೋಕೆ ಆ್ಯಪ್ ನಿಮ್ಮ ಫೋನಿಂದ ಒಂದು ಎಸ್ಸೆಮ್ಮೆಸ್ ಕಳಿಸತ್ತೆ. ಹೋಗಲ್ಲ. ಮತ್ತೆ ಒತ್ತಿ, ಹೋಗಲ್ಲ. ಬ್ಯಾಂಕಿನ ಒಟಿಪಿ ಕಾಯ್ತೀರ, ಬರಲ್ಲ. ಫೋನ್ ಕೆಟ್ಟಿಲ್ಲ. ಸಿಮ್ ಬದಲಾದ 24 ಗಂಟೆ ಬರೋ ಎಸ್ಸೆಮ್ಮೆಸ್, ಹೋಗೋ ಎಸ್ಸೆಮ್ಮೆಸ್ ಎರಡನ್ನೂ ತಡೀಬೇಕು ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಆದೇಶ ಮಾಡಿದೆ. ನಿಮ್ಮ ನಂಬರಿನ ಇನ್ನೊಂದು ಸಿಮ್ ತೆಗೆಸಿ ದುಡ್ಡು ಹೊಡೆಯೋ ಕಳ್ಳರಿಗೆ ಹಾಕಿದ ಬೇಲಿ ಅದು. ಬೇಲಿ ಬೇಕು, ಒಪ್ತೀನಿ. ಆದ್ರೆ ಮಾರೋವಾಗ ಒಂದು ಮಾತು ಹೇಳಬಾರದಾ? ಆ್ಯಪ್ ಅಳಿಸಿ ಮತ್ತೆ ಹಾಕೋದು, ಫೋನ್ ರೀಸೆಟ್ ಮಾಡೋದು, ಅಂಗಡಿಗೆ ಓಡೋದು, ಯಾವುದರಿಂದಲೂ ಪ್ರಯೋಜನ ಇಲ್ಲ. ಹಳೇ ಫೋನಲ್ಲಿರೋ ಯುಪಿಐನೂ ಸಿಮ್ ಕಾಣದೆ ಕೈ ಕೊಡಬಹುದು. ಅದಕ್ಕೇ ಈ ಕೆಲಸ ಶನಿವಾರ ರಾತ್ರಿ ಇಟ್ಕೊಳಿ. ಭಾನುವಾರದ ಹಾಲು, ತರಕಾರಿ, ಆಟೋಗೆ ಜೇಬಲ್ಲಿ ನೋಟಿರಲಿ. ರೈಲು ಟಿಕೆಟ್, ಬಾಡಿಗೆ, ಇಎಂಐ ಏನಿದ್ರೂ ಹಿಂದಿನ ದಿನವೇ ಮುಗಿಸಿ.

ಹಾಂ, ಒಪ್ಪಿಗೆ ಕರೆ ಅಂದ್ನಲ್ಲ. ನೀವು ಕೇಳದೇ ಇದ್ದಾಗ ಯಾರೋ ಫೋನ್ ಮಾಡಿ, ‘ಇ-ಸಿಮ್‌ಗೆ ಅಪ್‌ಗ್ರೇಡ್ ಮಾಡ್ತಿದೀವಿ, ಬರೋ ಮೆಸೇಜಿಗೆ 1 ಒತ್ತಿ ಸಾರ್’ ಅಂದ್ರೆ ಕಟ್ ಮಾಡಿ. ಒತ್ತಿದ್ರೆ ನಂಬರ್ ಅವನ ಪಾಲು.

ಮಂಗಳೂರು, ಭಟ್ಕಳದ ಕಡೆಯವರಿಗೆ ಒಂದು ಮಾತು. ಇಲ್ಲಿ ಮಾರೋ ಐಫೋನ್ 17ರಲ್ಲಿ ಸಿಮ್ ಟ್ರೇ ಇದೆ. ದುಬೈ, ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೇನಲ್ಲಿ ಮಾರೋದ್ರಲ್ಲಿ ಇಲ್ಲ. ರಜೆಗೆ ಬರುವಾಗ ಅಣ್ಣ ತಂದುಕೊಟ್ಟ 17ಕ್ಕೂ ಇದೇ ಪಂಚಾಯ್ತಿ. ಆದ್ರೆ ಅದರಲ್ಲಿ ಲಾಭನೂ ಇದೆ: 17 ಪ್ರೋದಲ್ಲಿ ಟ್ರೇ ಇರೋದಕ್ಕೆ 3,988 ಎಂಎಎಚ್ ಬ್ಯಾಟರಿ, ಇಲ್ಲದ್ದಕ್ಕೆ 4,252. ಟ್ರೇ ಜಾಗ ಬ್ಯಾಟರಿಗೆ ಹೋಗಿದೆ. ಕಳ್ಳ ಫೋನ್ ಕದ್ರೆ ಸಿಮ್ ಕಿತ್ತು ಎಸೆಯೋಕೂ ಆಗಲ್ಲ. ಟ್ರೇ ತೆಗೆದಿದ್ದು ಬರೀ ಜಂಬ ಅಂತ ಹೇಳೋಕೇ ಕೂತಿದ್ದೆ, ಅರ್ಧ ವಾಪಸ್ ತಗೊಂಡೆ.

ಉಳಿದರ್ಧ ಯಾಕೆ ಅಂದ್ರೆ, ಫೋನ್ ನೀರಿಗೆ ಬಿದ್ದು ಸತ್ತೋಯ್ತು ಅನ್ಕೊಳಿ. ಮೊದಲಾದ್ರೆ ಸಿಮ್ ತೆಗೆದು ಮನೇಲಿರೋ ಯಾವುದಾದ್ರೂ ಡಬ್ಬಾ ಫೋನಿಗೆ ಹಾಕಿದ್ರೆ ಆಯ್ತು. ಈಗ ಇ-ಸಿಮ್ ಕೇಳೋಕೆ ಎಸ್ಸೆಮ್ಮೆಸ್ ಬೇಕು, ಎಸ್ಸೆಮ್ಮೆಸ್‌ಗೆ ಆ ಸತ್ತ ಸಿಮ್ಮೇ ಬೇಕು. ಆಧಾರ್ ಹಿಡ್ಕೊಂಡು ಕಂಪನಿ ಅಂಗಡಿಯಲ್ಲಿ ಸಾಲು ನಿಲ್ಲಿ, ಆಮೇಲೆ ಮತ್ತೆ 24 ಗಂಟೆ ಎಸ್ಸೆಮ್ಮೆಸ್ ಉಪವಾಸ.

ಶಾಟ್ ಮುಗೀತಾ ಬಂತು, ಕಡ್ಡಿ ಬಂದಿದೆ ನೋಡಿ. ಫೋನನ್ನ ಯಾವತ್ತಾದ್ರೂ ಪೂರ್ತಿ ಅಳಿಸಿ ರೀಸೆಟ್ ಮಾಡಿದ್ರೆ, ಇ-ಸಿಮ್ ಉಳಿಸಬೇಕಾ ಅಳಿಸಬೇಕಾ ಅಂತ ಕೇಳತ್ತೆ. ಉಳಿಸಿ ಅಂತಲೇ ಒತ್ತಿ. ಅಳಿಸಿಬಿಟ್ಟು, ಈಮೇಲಲ್ಲಿರೋ ಹಳೇ ಕ್ಯೂಆರನ್ನೇ ಮತ್ತೆ ತೋರಿಸ್ತೀನಿ ಅಂದ್ರೆ ನಡಿಯಲ್ಲ, ಅದು ಒಂದು ಸಲಕ್ಕೆ ಮಾತ್ರ.