ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್: ತಪ್ಪು ಹುಟ್ಟುವ ಜಾಗ

ಕೇಳುಗರಿಗೆ ನಮಸ್ಕಾರ.

ಕೈಗೆ ಪೆನ್ನು ಹಾಳೆ ಸಿಕ್ಕಿದರೆ ಒಂದು ವಾಕ್ಯ ಬರೆದುಕೊಳ್ಳಿ. 'ಐ ಆ್ಯಮ್ ವರ್ಕಿಂಗ್ ಇನ್ ದಿಸ್ ಬ್ರಾಂಚ್ ಸಿನ್ಸ್ ಫೈವ್ ಇಯರ್ಸ್.' ಕಿವಿಗೆ ಎಲ್ಲಿಯೂ ತೊಡಕಾಗಲಿಲ್ಲ, ಅಲ್ಲವೇ? ಆದರೆ ಈ ಒಂದೇ ಸಾಲಿನಲ್ಲಿ ಎರಡು ತಪ್ಪುಗಳಿವೆ. ಅವು ನಮಗೆ ಕಾಣದಿರುವುದಕ್ಕೆ ಕಾರಣ ನಮ್ಮ ಕನ್ನಡ. 'ಐದು ವರ್ಷದಿಂದ ಈ ಬ್ರಾಂಚಿನಲ್ಲಿ ಕೆಲಸ ಮಾಡುತ್ತಿದ್ದೇನೆ' ಎಂದು ಕನ್ನಡದಲ್ಲಿ ಹೇಳಿದರೆ ಅದು ಪೂರ್ತಿ ಸರಿ. 'ಐದು ವರ್ಷದಿಂದ' ಎಂದರೂ '2019ರಿಂದ' ಎಂದರೂ ನಮಗೆ ಅದೇ 'ಇಂದ' ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಶುರುವಾದ ಕಾಲ ಹೇಳುವಾಗ ಸಿನ್ಸ್, ಕಳೆದ ಅವಧಿ ಹೇಳುವಾಗ ಫಾರ್. ಇನ್ನು 'ಮಾಡುತ್ತಿದ್ದೇನೆ' ಎನ್ನುವುದನ್ನು ನಾವು ನೇರವಾಗಿ 'ಆ್ಯಮ್ ವರ್ಕಿಂಗ್' ಮಾಡಿಬಿಡುತ್ತೇವೆ. ಹಿಂದೆ ಶುರುವಾಗಿ ಇಂದಿಗೂ ನಡೆಯುತ್ತಿರುವ ಕೆಲಸಕ್ಕೆ 'ಹ್ಯಾವ್ ಬೀನ್ ವರ್ಕಿಂಗ್' ಬೇಕು.

ಬ್ಯಾಂಕ್ ನೇಮಕಾತಿ ಪರೀಕ್ಷೆಗೆ ಓದುತ್ತಿರುವ ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ಇವತ್ತು ಮುಖ್ಯವಾಗಿ ಹೇಳಬೇಕಾದ ಮಾತು ಇದೇ. ನಿಮ್ಮ ಇಂಗ್ಲಿಷ್ ತಪ್ಪುಗಳು ಎಲ್ಲೆಲ್ಲಿಂದಲೋ ಬರುವುದಿಲ್ಲ. ಹತ್ತು ಹದಿನೈದು ಜಾಗಗಳಿಂದ ಮತ್ತೆ ಮತ್ತೆ ಬರುತ್ತವೆ. ಆ ಜಾಗಗಳನ್ನು ಗುರುತಿಸಿಕೊಂಡು ಅಭ್ಯಾಸ ಮಾಡಬೇಕು. ಮೊಬೈಲಿನಲ್ಲಿ 500 ಪ್ರಶ್ನೆಗಳ ಪಿಡಿಎಫ್ ಹತ್ತು ಇದ್ದರೂ, ತಪ್ಪಾದ ಉತ್ತರ ಯಾಕೆ ತಪ್ಪಾಯಿತೆಂದು ನೋಡದೆ ಮುಂದೆ ಹೋದರೆ, ಹತ್ತನೆಯ ಪಿಡಿಎಫ್‌ನಲ್ಲೂ ಅದೇ ತಪ್ಪು ಕಾಯುತ್ತಿರುತ್ತದೆ.

ಪರೀಕ್ಷೆಯ ಸ್ವರೂಪ ಚುಟುಕಾಗಿ ಹೇಳುತ್ತೇನೆ. ಬ್ಯಾಂಕ್ ನೇಮಕಾತಿ ಸಂಸ್ಥೆಯಾದ ಐಬಿಪಿಎಸ್, ಪಿಒ ಅಂದರೆ ಪ್ರೊಬೇಷನರಿ ಆಫೀಸರ್ ಮತ್ತು ಕ್ಲರ್ಕ್ ಹುದ್ದೆಗಳಿಗೆ ನಡೆಸುವ ಪರೀಕ್ಷೆಯ ಮೊದಲ ಹಂತವಾದ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 30 ಅಂಕ, 20 ನಿಮಿಷ. ಅಂದರೆ ಒಂದು ಪ್ರಶ್ನೆಗೆ 40 ಸೆಕೆಂಡು. ಎಸ್‌ಬಿಐ ಪಿಒ ಪ್ರಿಲಿಮ್ಸ್‌ನಲ್ಲಿ ಈಚೆಗೆ ಅದೇ 20 ನಿಮಿಷಕ್ಕೆ 40 ಪ್ರಶ್ನೆ ಬರುತ್ತಿವೆ. ಅಲ್ಲಿ ಸಿಗುವುದು 30 ಸೆಕೆಂಡು. ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಐಬಿಪಿಎಸ್ ಪ್ರಿಲಿಮ್ಸ್‌ನಲ್ಲಿ ಪ್ರತಿ ವಿಭಾಗಕ್ಕೂ ಕಟ್ ಆಫ್, ಅಂದರೆ ದಾಟಲೇಬೇಕಾದ ಕನಿಷ್ಠ ಅಂಕ, ಇರುವುದರಿಂದ, ಗಣಿತ ಮತ್ತು ರೀಸನಿಂಗ್‌ನಲ್ಲಿ ಎಷ್ಟೇ ಅಂಕ ಬಂದರೂ ಇಂಗ್ಲಿಷಿನಲ್ಲಿ ಕೆಳಗೆ ಬಿದ್ದರೆ ಅಲ್ಲಿಗೇ ನಿಂತಿತು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು. ಅದರಿಂದ ನಮ್ಮ ಮಕ್ಕಳಿಗೆ ಬಹಳ ಅನುಕೂಲವಾಗಿದೆ. ಆದರೂ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದೆ. ಅದನ್ನು ದಾಟದೆ ಬೇರೆ ದಾರಿಯಿಲ್ಲ.

ಈಗ ಎರರ್ ಸ್ಪಾಟಿಂಗ್‌ಗೆ, ಅಂದರೆ ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗೆ ಬರೋಣ. ಅಭ್ಯಾಸಕ್ಕೆ ಕೂಡಲೇ ಫಲ ಕೊಡುವ ವಿಭಾಗ ಇದು. ಕನ್ನಡದಿಂದ ಹುಟ್ಟುವ ತಪ್ಪುಗಳನ್ನು ಮೊದಲು ನೋಡಿ. 'ಸಾಲದ ಬಗ್ಗೆ ಚರ್ಚಿಸಿದರು' ಎನ್ನುತ್ತೇವೆ, ಆ 'ಬಗ್ಗೆ' ಹೋಗಿ 'ಡಿಸ್ಕಸ್ಡ್ ಅಬೌಟ್ ದ ಲೋನ್' ಆಗುತ್ತದೆ. ಡಿಸ್ಕಸ್ ಪದಕ್ಕೆ ಅಬೌಟ್ ಬೇಡ. 'ಅವರ ಜತೆ ಮದುವೆಯಾಯಿತು' ಎನ್ನುವುದು 'ಮ್ಯಾರೀಡ್ ವಿತ್' ಆಗುತ್ತದೆ. ಅದು 'ಮ್ಯಾರೀಡ್ ಟು'. 'ವಾಪಸ್ ಹಿಂದಿರುಗಿಸಿದರು' ಎಂದು ಒತ್ತಿ ಹೇಳುವ ರೂಢಿಯಿಂದ 'ರಿಟರ್ನ್ಡ್ ಬ್ಯಾಕ್' ಬರುತ್ತದೆ. 'ಮಾಹಿತಿಗಳು', 'ಸಲಹೆಗಳು', 'ಪೀಠೋಪಕರಣಗಳು' ನಮಗೆ ಸಹಜ. ಇಂಗ್ಲಿಷಿನಲ್ಲಿ ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್ ಈ ಮೂರಕ್ಕೂ ಎಸ್ ಸೇರಿಸುವ ಹಾಗಿಲ್ಲ, ಜತೆಗೆ ಬರುವ ಕ್ರಿಯಾಪದವೂ ಏಕವಚನವೇ.

ಇನ್ನೊಂದು ತಪ್ಪು ಸ್ವಲ್ಪ ಆಳದ್ದು, ಪ್ರಶ್ನೆ ತೆಗೆಯುವವರಿಗೆ ಬಹಳ ಇಷ್ಟವಾದದ್ದು. ಈ ವಾಕ್ಯ ಕೇಳಿ. 'ದ ಲಿಸ್ಟ್ ಆಫ್ ಕಸ್ಟಮರ್ಸ್ ಹೂಸ್ ಲೋನ್ಸ್ ಹ್ಯಾವ್ ಬೀನ್ ಅಪ್ರೂವ್ಡ್ ವರ್ ಸೆಂಟ್ ಟು ದ ಮ್ಯಾನೇಜರ್.' ಇದನ್ನೇ ಕನ್ನಡದಲ್ಲಿ ಹೇಳಿ: 'ಸಾಲ ಮಂಜೂರಾದ ಗ್ರಾಹಕರ ಪಟ್ಟಿ ಮ್ಯಾನೇಜರಿಗೆ ಹೋಯಿತು.' ನಮ್ಮಲ್ಲಿ ವಿವರಣೆಯೆಲ್ಲ ಮುಂದೆ ಬಂದು, ಮುಖ್ಯ ಪದವಾದ 'ಪಟ್ಟಿ' ಕ್ರಿಯಾಪದದ ಹತ್ತಿರಕ್ಕೇ ಬರುತ್ತದೆ. 'ಪಟ್ಟಿ ಹೋದರು' ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಇದು ತಿರುವುಮುರುವು. ಮುಖ್ಯ ಪದ 'ಲಿಸ್ಟ್' ಮೊದಲೇ ಬಂದು ಹೋಗುತ್ತದೆ, ಅದರ ಹಿಂದೆ ಕಸ್ಟಮರ್ಸ್, ಲೋನ್ಸ್ ಎಂದು ಬಹುವಚನಗಳ ಬಾಲ ಬೆಳೆಯುತ್ತದೆ. ಕ್ರಿಯಾಪದ ಬರುವ ಹೊತ್ತಿಗೆ ನಮ್ಮ ಕಿವಿಯಲ್ಲಿ ಉಳಿದಿರುವುದು ಲೋನ್ಸ್ ಮಾತ್ರ, ಹಾಗಾಗಿ 'ವರ್' ಸರಿ ಎನಿಸುತ್ತದೆ. ಸರಿಯಾದದ್ದು 'ವಾಸ್ ಸೆಂಟ್'. ಅಭ್ಯಾಸ ಮಾಡುವಾಗ ಆಫ್‌ನಿಂದ ಹಿಡಿದು ಮುಖ್ಯ ಕ್ರಿಯಾಪದದವರೆಗಿನ ಬಾಲವನ್ನು ಬೆರಳಿನಿಂದ ಮುಚ್ಚಿ ಓದಿ. 'ದ ಲಿಸ್ಟ್ ವರ್ ಸೆಂಟ್' ಎಂದು ಉಳಿಯುತ್ತದೆ, ತಪ್ಪು ತಾನಾಗಿ ಮೇಲೆದ್ದು ಕಾಣುತ್ತದೆ. ಹೀಗೆ 50 ವಾಕ್ಯ ಮಾಡಿದ ಮೇಲೆ ಬೆರಳು ಬೇಕಾಗುವುದಿಲ್ಲ, ಕಣ್ಣೇ ಬಾಲವನ್ನು ಹಾರಿ ಓದುತ್ತದೆ.

ಕನ್ನಡ ಬರೀ ತೊಡಕು ಮಾಡುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಕಡೆ ಅದೇ ನಮ್ಮ ಕೈ ಹಿಡಿಯುತ್ತದೆ. 'ಒನ್ ಆಫ್ ದ ಬ್ರಾಂಚ್ ಆರ್ ಕ್ಲೋಸ್ಡ್' ಸರಿಯೋ ತಪ್ಪೋ ಎಂಬ ಅನುಮಾನ ಬಂದರೆ ಕನ್ನಡಕ್ಕೆ ತಿರುಗಿಸಿ: 'ಶಾಖೆಗಳಲ್ಲಿ ಒಂದು ಮುಚ್ಚಿದೆ.' 'ಶಾಖೆಗಳು' ಬಹುವಚನ, 'ಮುಚ್ಚಿದೆ' ಏಕವಚನ. ಇಂಗ್ಲಿಷಿಗೂ ಅದೇ ಲೆಕ್ಕ, 'ಒನ್ ಆಫ್ ದ ಬ್ರಾಂಚಸ್ ಈಸ್ ಕ್ಲೋಸ್ಡ್'. ಹಾಗೆಯೇ 'ಇಫ್ ಇಟ್ ವಿಲ್ ರೇನ್' ಎಂಬ ತಪ್ಪು. 'ಮಳೆ ಬಂದರೆ ಬೆಳೆ ಬರುತ್ತದೆ' ಎನ್ನುವಾಗ 'ಬಂದರೆ' ಪದದಲ್ಲಿ ಭವಿಷ್ಯತ್ ಕಾಲ ಇದೆಯೇ? ಇಲ್ಲ. ಅಲ್ಲೂ ವಿಲ್ ಬೇಡ, 'ಇಫ್ ಇಟ್ ರೇನ್ಸ್' ಸಾಕು.

ಪ್ಯಾರಾ ಜಂಬಲ್ ಎಂದು ಕರೆಯುವ, ಚದುರಿದ ವಾಕ್ಯಗಳನ್ನು ಜೋಡಿಸುವ ಪ್ರಶ್ನೆಗೂ ಅಜ್ಜಿ ಕತೆಯ ಆರಂಭ ನೆನಪಿಟ್ಟುಕೊಂಡರೆ ಸಾಕು. 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಮಕ್ಕಳು.' ಮೊದಲ ಸಲ 'ಒಬ್ಬ ರಾಜ', ಎರಡನೆಯ ಸಲ 'ಆ ರಾಜ'. ಇಂಗ್ಲಿಷಿನಲ್ಲಿ ಮೊದಲ ಸಲ 'ಎ ಸ್ಕೀಮ್', ಆಮೇಲೆ 'ದ ಸ್ಕೀಮ್'. ಹಾಗಾಗಿ 'ದ ಸ್ಕೀಮ್', 'ದಿಸ್ ಮೂವ್', 'ಹೀ', 'ದೇ', 'ಹೌಎವರ್' ಎಂದು ಶುರುವಾಗುವ ವಾಕ್ಯ ಸಾಮಾನ್ಯವಾಗಿ ಮೊದಲನೆಯದಾಗುವುದಿಲ್ಲ. ಐದಾರು ವಾಕ್ಯಗಳ ಪೂರ್ತಿ ಕ್ರಮ ಹುಡುಕುತ್ತ ಕೂರಬೇಡಿ, ಒಂದರ ಬೆನ್ನಿಗೆ ಒಂದು ಬರಲೇಬೇಕಾದ ಒಂದು ಜೋಡಿ ಹಿಡಿಯಿರಿ. ಜೋಡಿ ಸಿಕ್ಕಿತೆಂದರೆ ಉಳಿದವು ಬೇಗ ಕೂಡಿಕೊಳ್ಳುತ್ತವೆ. ಒಂದೂವರೆ ನಿಮಿಷವಾದರೂ ಜೋಡಿ ಸಿಗದಿದ್ದರೆ ಬಿಟ್ಟು ಮುಂದಕ್ಕೆ ಹೋಗಿ. ಒಂದೇ ಕ್ರಮವನ್ನು ನಂಬಿಕೊಂಡು ಐದು ಪ್ರಶ್ನೆ ಕೇಳಿದ್ದರೆ, ಕ್ರಮ ತಪ್ಪಿದಾಗ ಐದಕ್ಕೂ ಪೆಟ್ಟು ಬೀಳಬಹುದು. ಆದ್ದರಿಂದ ಅದನ್ನು ಕೊನೆಗಿಡುವುದೇ ಒಳ್ಳೆಯದು.

ಪದಸಂಪತ್ತಿಗೆ ಬಂದರೆ, ಸಾವಿರ ಕಠಿಣ ಪದಗಳ ಪಟ್ಟಿ ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಗೊತ್ತಿರುವ ಪದದ ಇನ್ನೊಂದು ಮುಖ ಗೊತ್ತಿಲ್ಲದೆ ಎಡವುವವರೇ ಹೆಚ್ಚು. ಅಡ್ರೆಸ್ ಎಂದರೆ ವಿಳಾಸ ಎಂದಷ್ಟೇ ಗೊತ್ತಿದ್ದರೆ 'ಅಡ್ರೆಸ್ ದ ಕನ್ಸರ್ನ್ಸ್' ಎಂಬಲ್ಲಿ ಕಂಗಾಲಾಗುತ್ತೀರಿ. ಅಲ್ಲಿ ಅದು ಆತಂಕಗಳಿಗೆ ಪರಿಹಾರ ಹುಡುಕು ಎಂಬರ್ಥದ ಕ್ರಿಯಾಪದ. 'ಆನರ್ ಎ ಚೆಕ್' ಎಂದರೆ ಚೆಕ್ ಪಾಸ್ ಮಾಡುವುದು. 'ಇನ್‌ಫ್ಲೇಷನ್ ಮಾಡರೇಟೆಡ್' ಎಂದರೆ ಹಣದುಬ್ಬರದ ವೇಗ ತಗ್ಗಿತು. ಡಬ್ಲ್ಯೂ, ಎ, ಐ, ವಿ, ಇ ಎಂದು ಬರೆಯುವ ವೇವ್ ಎಂದರೆ ಶುಲ್ಕವನ್ನೋ ಬಡ್ಡಿಯನ್ನೋ ಮನ್ನಾ ಮಾಡುವುದು. ನಡುವಿನ ಐ ಬಿಟ್ಟುಹೋದರೆ ಅದು ಕೈ ಬೀಸುವುದಾಗುತ್ತದೆ. ಇಂಥ ಪದಗಳು ಜೀವಂತವಾಗಿ ಸಿಗುವ ಜಾಗ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್. ಎರಡು ತಿಂಗಳಿಗೊಮ್ಮೆ ಬರುವ ಹಣಕಾಸು ನೀತಿಯ ಹೇಳಿಕೆಯಿಂದ ದಿನಕ್ಕೆ ಎರಡು ಪ್ಯಾರಾ ಸಾಕು. ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದರ ಜೋಡಿಯ ಸಮೇತ ಬರೆದುಕೊಳ್ಳಿ: 'ಮೀಟ್ ದ ಡಿಮಾಂಡ್', 'ರೈಸ್ ಕ್ಯಾಪಿಟಲ್', 'ಇನ್ಕರ್ ಎ ಲಾಸ್', 'ಪೋಸ್ ಎ ಥ್ರೆಟ್'. ಕ್ಲೋಜ್ ಟೆಸ್ಟಿನಲ್ಲಿ ಖಾಲಿ ಜಾಗ ತುಂಬುವುದು ಈ ಜೋಡಿಗಳಿಂದಲೇ. ಆಯ್ಕೆಗಳನ್ನು ನೋಡುವ ಮೊದಲು ಇಡೀ ಪ್ಯಾರಾ ಒಮ್ಮೆ ಓದಿ. ಲೇಖಕ ಹೊಗಳುತ್ತಿದ್ದಾನೋ ಎಚ್ಚರಿಸುತ್ತಿದ್ದಾನೋ ತಿಳಿದರೆ ಅರ್ಧ ಆಯ್ಕೆಗಳು ತಾವಾಗಿ ಬಿದ್ದುಹೋಗುತ್ತವೆ.

ರೀಡಿಂಗ್ ಕಾಂಪ್ರಹೆನ್ಷನ್‌ನಲ್ಲಿ ಸೋಲಿಸುವುದು ನಮ್ಮ ಸಾಮಾನ್ಯ ಜ್ಞಾನ. ಉತ್ತರ ಲೋಕಸತ್ಯವಾಗಿದ್ದರೆ ಸಾಲದು, ಆ ಪ್ಯಾಸೇಜಿನಲ್ಲಿ ಇರಬೇಕು. ಆರಿಸಿದ ಉತ್ತರಕ್ಕೆ ಆಧಾರವಾದ ಸಾಲನ್ನು ಬೆರಳಿಟ್ಟು ತೋರಿಸಲಾಗದಿದ್ದರೆ ಆ ಉತ್ತರ ಅನುಮಾನದ್ದು. ಓನ್ಲಿ, ಆಲ್ವೇಸ್, ನೆವರ್ ಇರುವ ಆಯ್ಕೆಯನ್ನು ಎರಡು ಸಲ ನೋಡಿ. ಪ್ಯಾಸೇಜಿನಲ್ಲಿ 'ಹಲವು' ಎಂದಿದ್ದದ್ದು ಆಯ್ಕೆಯಲ್ಲಿ 'ಎಲ್ಲ' ಆಗಿರುತ್ತದೆ. ಈ ಅಭ್ಯಾಸವನ್ನು ವಾರಕ್ಕೆ ಎರಡು ಸಲವಾದರೂ ಕಂಪ್ಯೂಟರಿನಲ್ಲಿ ಮಾಡಿ. ಪುಸ್ತಕದಲ್ಲಿ ಗೆರೆ ಎಳೆದು ಓದಿ ರೂಢಿಯಾದವರಿಗೆ, ಪರದೆಯ ಮೇಲೆ ಮೌಸಿನಿಂದ ಸರಿಸಿ ಓದುವಾಗ ಸಾಲು ಕೈತಪ್ಪುತ್ತದೆ, ಎರಡು ನಿಮಿಷ ಸುಮ್ಮನೆ ಹೋಗುತ್ತದೆ.

ಇನ್ನು ಊಹೆಯ ಲೆಕ್ಕ. ಪ್ರಶ್ನೆಗೆ ಐದು ಆಯ್ಕೆ ಇದ್ದು, ಕಣ್ಣು ಮುಚ್ಚಿ ಐದು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಬಂದದ್ದು 1 ಅಂಕ, ಹೋದದ್ದೂ 1 ಅಂಕ. ಆದರೆ ಎರಡು ಆಯ್ಕೆ ಖಂಡಿತ ಅಲ್ಲವೆಂದು ಅಳಿಸಿ, ಉಳಿದ ಮೂರರಲ್ಲಿ ಊಹಿಸಿದರೆ, ಅಂಥ ಆರು ಪ್ರಶ್ನೆಗೆ ಸರಾಸರಿ ಎರಡು ಸರಿ, ನಾಲ್ಕು ತಪ್ಪು; ಕಡಿತ ಕಳೆದು 1 ಅಂಕ ಉಳಿಯುತ್ತದೆ. ಆದ್ದರಿಂದ ಎರಡು ಆಯ್ಕೆ ಅಳಿಸಲು ಆಗುವುದಾದರೆ ಗುರುತು ಹಾಕಿ. ಒಂದನ್ನೂ ಅಳಿಸಲು ಆಗದಿದ್ದರೆ ಬಿಡಿ, ಆ ಸೆಕೆಂಡುಗಳು ಇನ್ನೊಂದು ಪ್ರಶ್ನೆಗೆ ಆಗುತ್ತವೆ.

20 ನಿಮಿಷದ ಒಂದು ಟೆಸ್ಟ್ ಬರೆದ ಮೇಲೆ ಅದರ ಪರಿಶೀಲನೆಗೆ 40 ನಿಮಿಷ ಕೊಡಿ. ಇದಕ್ಕೆ ಒಂದು 100 ಪುಟದ ನೋಟ್‌ಬುಕ್ ಇರಲಿ. ತಪ್ಪಾದ ವಾಕ್ಯವನ್ನು ಪೂರ್ತಿ ಬರೆಯಿರಿ, ಪಕ್ಕದಲ್ಲಿ ಕಾರಣ ಬರೆಯಿರಿ: ನಿಯಮ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಅವಸರವಾಯಿತೇ, ಪ್ರಶ್ನೆಯನ್ನೇ ತಪ್ಪಾಗಿ ಓದಿದಿರೇ? ಗೊತ್ತಿಲ್ಲದಿದ್ದರೆ ವ್ಯಾಕರಣ ಪುಸ್ತಕ ತೆರೆಯಬೇಕು. ಅವಸರವಾಗಿದ್ದರೆ ವ್ಯಾಕರಣ ಓದಿ ಪ್ರಯೋಜನವಿಲ್ಲ, ಬಿಡಬೇಕಾದ ಪ್ರಶ್ನೆ ಬಿಡುವುದನ್ನು ಕಲಿಯಬೇಕು. ಸರಿಯಾಗಿದ್ದರೂ ಊಹೆಯಿಂದ ಸರಿಯಾದದ್ದನ್ನು ತಪ್ಪಿನ ಲೆಕ್ಕಕ್ಕೇ ಸೇರಿಸಿ. ಏಳು ದಿನ ಬಿಟ್ಟು ಅದೇ ವಾಕ್ಯಗಳನ್ನು ಕಾರಣ ಮುಚ್ಚಿ ಮತ್ತೆ ಮಾಡಿ. ಪಿಒಗೆ ಓದುವವರು ಇದರ ಜತೆ ವಾರಕ್ಕೆ ಒಂದು ಪ್ರಬಂಧವನ್ನು ಕೀಬೋರ್ಡಿನಲ್ಲೇ ಟೈಪ್ ಮಾಡಿ. ಐಬಿಪಿಎಸ್ ಪಿಒ ಪರೀಕ್ಷೆಯ ಎರಡನೆಯ ಹಂತವಾದ ಮೇನ್ಸ್‌ನಲ್ಲಿ 30 ನಿಮಿಷದ ಬರವಣಿಗೆಯ ಭಾಗ ಇದೆ, ಅದಕ್ಕೆ 25 ಅಂಕ.

ಈಗ ಮೂರು ವಾಕ್ಯ ಹೇಳುತ್ತೇನೆ, ಒಂದೊಂದಕ್ಕೂ 40 ಸೆಕೆಂಡು ಎಂದುಕೊಳ್ಳಿ. ಮೊದಲನೆಯದು, 'ನೈದರ್ ದ ಮ್ಯಾನೇಜರ್ ನಾರ್ ದ ಕ್ಲರ್ಕ್ಸ್ ವಾಸ್ ಅವೇರ್ ಆಫ್ ದ ನ್ಯೂ ರೂಲ್.' ಕ್ರಿಯಾಪದಕ್ಕೆ ಹತ್ತಿರ ಇರುವುದು ಕ್ಲರ್ಕ್ಸ್, ಆದ್ದರಿಂದ 'ವರ್ ಅವೇರ್'. ಎರಡನೆಯದು, 'ದ ಇನ್ಫರ್ಮೇಷನ್ಸ್ ಗಿವನ್ ಬೈ ದ ಕಸ್ಟಮರ್ಸ್ ವರ್ ಕರೆಕ್ಟ್.' ಇನ್ಫರ್ಮೇಷನ್‌ಗೆ ಎಸ್ ಬೇಡ, ಬಾಲ ಮುಚ್ಚಿ ಓದಿದರೆ 'ವಾಸ್ ಕರೆಕ್ಟ್'. ಮೂರನೆಯದು, 'ದ ನಂಬರ್ ಆಫ್ ಕಂಪ್ಲೇಂಟ್ಸ್ ಹ್ಯಾಸ್ ಫಾಲನ್ ಸಿನ್ಸ್ ಜನವರಿ.' ಇಲ್ಲಿ ತಡಕಾಡಿ ಏನನ್ನಾದರೂ ತಿದ್ದಿದ್ದರೆ ಹೊಡೆದುಹಾಕಿ. ಬಾಲ ಮುಚ್ಚಿದರೆ ಉಳಿಯುವುದು 'ದ ನಂಬರ್', ಅದಕ್ಕೆ ಹ್ಯಾಸ್ ಸರಿ. ಜನವರಿ ಶುರುವಾದ ಕಾಲ, ಅದಕ್ಕೆ ಸಿನ್ಸ್ ಸರಿ. ಐದನೆಯ ಆಯ್ಕೆಯಾಗಿ ಕೊಟ್ಟಿರುವ 'ನೋ ಎರರ್' ಕೂಡ ಉತ್ತರವೇ.

ನಮಸ್ಕಾರ.