ಜ್ವರ ಬಂದಿದ್ದು ಮನೆಯಲ್ಲಿ, ಹತ್ತಿದ್ದು ದಾರಿಯಲ್ಲಿ

(ದೃಶ್ಯ: ಕೋಲಾರದ ಎಪಿಎಂಸಿ ಯಾರ್ಡ್, ಬೆಳಗಿನ ಹೊತ್ತು. ಲಾರಿಗೆ ಟೊಮೇಟೊ ಬಾಕ್ಸ್ ಏರುತ್ತಿವೆ. ಹಮಾಲರ ಕೂಗು.)

ನಮಸ್ಕಾರ. ನನ್ನ ಹಿಂದೆ ಕಾಣುತ್ತಿರುವುದು ನಮ್ಮ ಕೋಲಾರದ ಟೊಮೇಟೊ ಮಂಡಿ. ಇಲ್ಲಿಂದ ಲಾರಿಗಳು ದೇಶದ ಮೂಲೆಮೂಲೆಗೆ ಹೋಗುತ್ತವೆ. ನನ್ನ ದೊಡ್ಡಮ್ಮನ ಮಗನೂ ಅಂಥದ್ದೊಂದು ಲಾರಿ ಓಡಿಸುತ್ತಾನೆ. ಹೋದ ವರ್ಷ ನವೆಂಬರಿನಲ್ಲಿ ಕೋಲ್ಕತ್ತಾಗೆ ಲೋಡ್ ಹಾಕಿಕೊಂಡು ಹೋಗಿ ಬಂದ. ವಾರ ಪೂರ್ತಿ ಚೆನ್ನಾಗೇ ಇದ್ದ. ಆಮೇಲೆ ಶುರುವಾಯಿತು ನೋಡಿ: ಚಳಿಜ್ವರ, ತಲೆ ಸಿಡಿಯುವ ನೋವು, ಮೈಯೆಲ್ಲಾ ನುಗ್ಗಾದ ಹಾಗೆ.

"ನೀರು ಬದಲಾಗಿದ್ದಕ್ಕೆ" ಅಂದರು ದೊಡ್ಡಮ್ಮ. ಒಂದು ಕ್ಲಿನಿಕ್‌ನಲ್ಲಿ ವೈಡಾಲ್ ಟೆಸ್ಟ್ ಮಾಡಿ ಟೈಫಾಯ್ಡ್ ಎಂದು ಬರೆದರು. ಐದು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಆಯಿತು. ಜ್ವರ ಜಗ್ಗಲಿಲ್ಲ. ಅಷ್ಟರಲ್ಲಿ ಪ್ಲೇಟ್ಲೆಟ್ ಇಳಿಯಿತು. ಸರಿ, ಡೆಂಗ್ಯೂನೇ ಇರಬೇಕು ಎಂದು ಮನೆಯವರು ಪರಂಗಿ ಎಲೆ ರಸ ಕುಡಿಸಿದರು. ಪಾಪ, ಅದರ ಕಹಿಯನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾನೆ.

ಕೊನೆಗೆ ಇನ್ನೊಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ಡಾಕ್ಟರಮ್ಮ ರಿಪೋರ್ಟ್ ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಮಾತು.

"ಹದಿನೈದಿಪ್ಪತ್ತು ದಿನದೊಳಗೆ ಎಲ್ಲಿಗಾದ್ರೂ ಹೋಗಿದ್ದೇನಪ್ಪಾ?"

"ಲೋಡ್ ತಗೊಂಡು ಕೋಲ್ಕತ್ತಾಗೆ ಹೋಗಿದ್ದೆ ಮೇಡಂ. ಬರ್ತಾ ಒರಿಸ್ಸಾದಲ್ಲಿ ಗಾಡಿ ನಿಲ್ಸಿ, ಹುಲ್ಲಲ್ಲೇ ಅಡುಗೆ ಮಾಡ್ಕೊಂಡು ಮಲಗಿದ್ವಿ."

"ಎಲ್ಲಿ, ಅಂಗಿ ಎತ್ತು."

(ದೃಶ್ಯ: ಸೊಂಟದ ರೇಖಾಚಿತ್ರ. ಉಡುದಾರದ ಗೆರೆಯ ಮೇಲೆ ಸಣ್ಣ ಕಪ್ಪು ಗುರುತು. ನಿಧಾನ ಜೂಮ್.)

ಉಡುದಾರದ ಕೆಳಗೆ, ಹುಣಸೆ ಬೀಜದಷ್ಟು ಅಗಲದ ಕಪ್ಪು ಹಕ್ಕಳೆ. ಸುತ್ತ ಕೆಂಪು ಅಂಚು. ಥೇಟ್ ಬೀಡಿ ಸುಟ್ಟ ಗಾಯ. ನೋವಿಲ್ಲ, ತುರಿಕೆ ಇಲ್ಲ. ಉಡುದಾರ ಉಜ್ಜಿ ಆಗಿದೆ ಅಂತ ಇವನು ಸುಮ್ಮನಿದ್ದ. ಇದಕ್ಕೆ ಎಸ್ಕಾರ್ ಎನ್ನುತ್ತಾರೆ. ಕಾಯಿಲೆ ಸ್ಕ್ರಬ್ ಟೈಫಸ್.

ಟೈಫಸ್ ಬೇರೆ, ಟೈಫಾಯ್ಡ್ ಬೇರೆ. ಗ್ರೀಕ್ ಭಾಷೆಯಲ್ಲಿ ಟೈಫೋಸ್ ಅಂದರೆ ಹೊಗೆ, ಜ್ವರದಲ್ಲಿ ಬುದ್ಧಿಗೆ ಮಂಕು ಕವಿಯುವುದಕ್ಕೆ ಇಟ್ಟ ಹೆಸರು. ಟೈಫಾಯ್ಡ್ ಅಂದರೆ 'ಟೈಫಸ್ ಥರದ್ದು'. ಹೆಸರಿನ ನಂಟು ಅಷ್ಟೇ. ಟೈಫಾಯ್ಡ್ ಬರುವುದು ಕೊಳಕು ನೀರು, ಊಟದಿಂದ. ಟೈಫಸ್ ಬರುವುದು ಹುಳ ಕಚ್ಚಿ.

(ದೃಶ್ಯ: ಹುಲ್ಲಿನ ಗರಿಯ ತುದಿ. ಅದರ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು.)

ಆ ಹುಳ ಒಂದು ಜಾತಿಯ ನುಸಿ. ದೊಡ್ಡ ನುಸಿ ಮಣ್ಣಲ್ಲಿ ತನ್ನ ಪಾಡಿಗೆ ತಾನಿರುತ್ತದೆ, ನಮ್ಮ ತಂಟೆಗೆ ಬರುವುದಿಲ್ಲ. ಕಚ್ಚುವುದು ಮರಿ. ಆರು ಕಾಲು, ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಗಾತ್ರ. ಇಲಿಗೆ ಕಾದು ಕೂತಿರುತ್ತದೆ, ನಾವು ಸಿಕ್ಕರೆ ನಮ್ಮನ್ನೇ ಹಿಡಿಯುತ್ತದೆ. ಬಟ್ಟೆಯೊಳಗೆ ಹತ್ತುತ್ತಾ ಹೋಗಿ ಎಲ್ಲಿ ಬಿಗಿ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಉಡುದಾರ, ಪಂಚೆ ಕಟ್ಟಿದ ಜಾಗ, ಲಂಗದ ಲಾಡಿ, ಕಂಕುಳು, ತೊಡೆಸಂದು, ಮೊಲೆಯ ಕೆಳಗೆ. ನಾವು ಡಾಕ್ಟರಿಗೆ ತೋರಿಸಲು ನಾಚುವ ಜಾಗಗಳೇ ಎಲ್ಲಾ, ಅಲ್ವಾ? ಮಕ್ಕಳಾದರೆ ಕಿವಿ ಹಿಂದೆ, ಕೂದಲ ಒಳಗೂ ನೋಡಿ. ಹಕ್ಕಳೆ ಎಲ್ಲರಿಗೂ ಆಗುವುದಿಲ್ಲ. ಆದ್ದರಿಂದ ಸಿಗಲಿಲ್ಲ ಎಂದು ಕಾಯಿಲೆ ಇಲ್ಲ ಅನ್ನಬೇಡಿ.

ಕಚ್ಚಿದ 6ರಿಂದ 21 ದಿನದೊಳಗೆ ಜ್ವರ ಬರುತ್ತದೆ. ಯಡವಟ್ಟು ಆಗುವುದು ಇಲ್ಲೇ. ಕಚ್ಚಿದ್ದು ಒರಿಸ್ಸಾದಲ್ಲಿ, ಜ್ವರ ಬಂದಿದ್ದು ಕೋಲಾರದಲ್ಲಿ. ಅಷ್ಟೊತ್ತಿಗೆ ಆ ಹುಲ್ಲು ಯಾರ ನೆನಪಲ್ಲೂ ಇರುವುದಿಲ್ಲ. ಕೊಡಗಿನ ತೋಟದ ಕೆಲಸ ಮುಗಿಸಿ ಬಂದವರಿಗೂ, ಹಿಮಾಚಲಕ್ಕೆ ಟ್ರೆಕ್ಕಿಂಗ್ ಹೋಗಿ ಬಂದವರಿಗೂ, ಊರಿಂದ ನಮ್ಮ ಕೋಲಾರದ ನರಸಾಪುರದ ಫ್ಯಾಕ್ಟರಿಗೆ ಮರಳಿದ ಒರಿಯಾ ಹುಡುಗನಿಗೂ ಇದೇ ಲೆಕ್ಕ. ಆ ಹುಡುಗನನ್ನು ರೂಮಿಂದ ಆಚೆ ಹಾಕುವ ಅಗತ್ಯವಿಲ್ಲ, ಸ್ಕ್ರಬ್ ಟೈಫಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬರೀ ಹೊರಗಿನವರ ಕಾಯಿಲೆಯೂ ಅಲ್ಲ ಇದು. ನಮ್ಮ ಗಡಿಯಾಚೆಯ ವೆಲ್ಲೂರು, ಚಿತ್ತೂರಿನಲ್ಲಿ ಬೇಕಾದಷ್ಟಿದೆ. ಹಸುವಿಗೆ ಹುಲ್ಲು ಕೊಯ್ಯಲು ಬದುವಿಗೆ ಹೋಗುವ ನಮ್ಮ ಹೆಂಗಸರಿಗೂ ಬರಬಹುದು.

ಇದರ ನೆಂಟರು ಇನ್ನೂ ಇದ್ದಾರೆ. ನಾಯಿ ಮೈಮೇಲಿನ ಉಣ್ಣೆಯಿಂದ ಬರುವುದು ಇಂಡಿಯನ್ ಟಿಕ್ ಟೈಫಸ್, ಅದರಲ್ಲಿ ಅಂಗೈ ಅಂಗಾಲಿಗೂ ಗಂಧೆ ಏಳುತ್ತದೆ. ಇಲಿಯ ಚಿಗಟದಿಂದ ಬರುವುದು ಮ್ಯೂರಿನ್ ಟೈಫಸ್. ದಕ್ಷಿಣ ಆಫ್ರಿಕಾ ಸಫಾರಿಗೆ ಹೋದವರು ಅಲ್ಲಿನ ಉಣ್ಣೆ ಕಚ್ಚಿಸಿಕೊಂಡು ಬಂದರೆ ಮೈಮೇಲೆ ಒಂದಲ್ಲ, ನಾಲ್ಕೈದು ಹಕ್ಕಳೆ ಕಾಣಬಹುದು. ಈ ಬಗೆಯ ರೋಗಾಣುಗಳಿಗೆ ರಿಕೆಟ್ಸಿಯಾ ಎನ್ನುತ್ತಾರೆ, ಆ ಹೆಸರು ಹೊವಾರ್ಡ್ ರಿಕೆಟ್ಸ್ ಎಂಬ ಅಮೆರಿಕದ ವಿಜ್ಞಾನಿಯದು. ಟೈಫಸ್ ಹುಡುಕುತ್ತಾ ಮೆಕ್ಸಿಕೋಗೆ ಹೋಗಿ 1910ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು.

(ದೃಶ್ಯ: ಲ್ಯಾಬ್, ರಕ್ತದ ಟ್ಯೂಬುಗಳು.)

ಟೆಸ್ಟ್ ವಿಷಯ. ಎಷ್ಟೋ ಕಡೆ ಈಗಲೂ ಮಾಡುವುದು ವೈಲ್-ಫೆಲಿಕ್ಸ್, ಅದು 1916ರ ಟೆಸ್ಟ್! ತಪ್ಪುವುದೇ ಜಾಸ್ತಿ. ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಐಜಿಎಂ ಎಲೈಸಾ ಟೆಸ್ಟ್ ಅದಕ್ಕಿಂತ ವಾಸಿ. ಆದರೆ ಮೊದಲ ವಾರದಲ್ಲಿ ಅದೂ ನೆಗೆಟಿವ್ ಬರಬಹುದು. ಅದಕ್ಕೇ ಅನುಮಾನ ಬಲವಾಗಿದ್ದರೆ ಡಾಕ್ಟರು ರಿಪೋರ್ಟಿಗೆ ಕಾಯದೆ ಔಷಧ ಶುರು ಮಾಡುತ್ತಾರೆ. ತಡವಾದರೆ ಎರಡನೇ ವಾರದಲ್ಲಿ ಶ್ವಾಸಕೋಶ, ಕಿಡ್ನಿ, ಮೆದುಳಿಗೆ ಹೊಡೆತ ಬೀಳಬಹುದು.

ಔಷಧ ಡಾಕ್ಸಿಸೈಕ್ಲಿನ್. ಹಳೇ ಮಾತ್ರೆ, ಅಗ್ಗ. ದೊಡ್ಡವರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಬಸುರಿಯರಿಗೆ ಅಜಿತ್ರೊಮೈಸಿನ್ ಕೊಡುತ್ತಾರೆ. ಸೆಫ್ಟ್ರಿಯಾಕ್ಸೋನ್ ಇದಕ್ಕೆ ನಾಟುವುದಿಲ್ಲ. ಈ ರೋಗಾಣು ಇರುವುದು ನಮ್ಮ ಜೀವಕೋಶದ ಒಳಗೆ, ಆ ಔಷಧಕ್ಕೆ ಬಗ್ಗುವ ಜಾತಿಯದಲ್ಲ. ಪರಿಸ್ಥಿತಿ ಬಿಗಡಾಯಿಸಿದವರಿಗೆ ಡಾಕ್ಸಿ, ಅಜಿತ್ರೊ ಎರಡನ್ನೂ ಒಟ್ಟಿಗೆ ರಕ್ತನಾಳಕ್ಕೆ ಕೊಟ್ಟರೆ ಹೆಚ್ಚು ಗುಣ ಎಂದು 2023ರಲ್ಲಿ ನಮ್ಮ ದೇಶದ ಆಸ್ಪತ್ರೆಗಳಲ್ಲೇ ನಡೆದ ಅಧ್ಯಯನ ತೋರಿಸಿತು. ಹಾಗಂತ ಮೆಡಿಕಲ್ ಸ್ಟೋರಿಗೆ ಹೋಗಿ ನೀವೇ ಮಾತ್ರೆ ತಗೊಳ್ಳಬೇಡಿ. ಡಾಕ್ಟರ್ ಮುಂದೆ ಕೂತಾಗ ಎಲ್ಲಿಗೆ ಹೋಗಿದ್ದಿರಿ, ಯಾವಾಗ ಬಂದಿರಿ, ಹುಲ್ಲಲ್ಲಿ ಕೂತಿದ್ದಿರಾ, ಇಷ್ಟನ್ನು ಅವರು ಕೇಳದಿದ್ದರೂ ಹೇಳಿ.

ನಮ್ಮ ಹುಡುಗನಿಗೆ ಮಾತ್ರೆ ಶುರುವಾದ ಎರಡನೇ ದಿನ ಜ್ವರ ಬಿಟ್ಟಿತು. ಮೂರನೇ ದಿನ ಮುದ್ದೆ ಕೇಳಿದ.

(ದೃಶ್ಯ: ಲಾರಿಯ ಕ್ಯಾಬಿನ್. ಸೀಟಿನ ಹಿಂದೆ ಮಡಿಚಿಟ್ಟ ನೀಲಿ ಟಾರ್ಪಲ್.)

ಈಗ ದಾರಿಯಲ್ಲಿ ಸ್ಟೌ ಹಚ್ಚುವ ಮೊದಲು ಈ ಟಾರ್ಪಲ್ ಹಾಸುತ್ತಾನೆ. ತುಂಬು ತೋಳಿನ ಅಂಗಿ ಹಾಕುತ್ತಾನೆ, ಒಗೆದ ಬಟ್ಟೆ ಪೊದೆ ಮೇಲೆ ಹರವುವುದಿಲ್ಲ. ಮನೆಗೆ ಬಂದರೆ ಸೀದಾ ಬಚ್ಚಲಿಗೆ. ಉಡುದಾರ ಮಾತ್ರ ಬಿಚ್ಚಲು ದೊಡ್ಡಮ್ಮ ಬಿಟ್ಟಿಲ್ಲ. ಅದರ ಕೆಳಗೂ ಸೋಪು ಹಾಕಿ ಉಜ್ಜಿಕೋ ಅಂತ ಬಾಗಿಲ ಹೊರಗಿನಿಂದ ಕೂಗುತ್ತಾರೆ.